ಹಳೆ ಕಾರಿಗೆ ಹೊಸ ಬಣ್ಣ ಬೇಕೆ?
1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಎಷ್ಟೋ ಮನೆಗಳಲ್ಲಿ ಅದರ ಮೇಲಿನ ಅಕ್ಕರೆ ಮಾತ್ರ ನಿಂತಿಲ್ಲ. ಬಣ್ಣ ಮಂಕಾಯಿತೆಂದು ಪೂರ್ತಿ ಪೇಂಟ್ ಹೊಡೆಸಲು ಹೊರಟವರಿಗೆ ನನ್ನದೊಂದು ಕಳಕಳಿಯ ಮಾತು: ಮೊದಲು ತುಕ್ಕು ಹುಡುಕಿ. ಬಿಸಿಲಿಗೆ ಮಾಸಿ, ಸವರಿದರೆ ಕೈಗೆ ಪುಡಿ ಹತ್ತುವ ಬಣ್ಣ ಬಹುಪಾಲು ರಬ್ಬಿಂಗ್ ಕಾಂಪೌಂಡ್, ಪಾಲಿಶ್‌ಗಳಿಂದಲೇ ಮತ್ತೆ ಹೊಳೆಯುತ್ತದೆ. ಬಾಗಿಲಿನ ಕೆಳಅಂಚಿನಲ್ಲೋ ಚಕ್ರದ ಮೇಲ್ಭಾಗದಲ್ಲೋ ಬಣ್ಣ ಗುಳ್ಳೆ ಎದ್ದಿದ್ದರೆ ಮಾತ್ರ ತಡಮಾಡಬಾರದು. ತುಕ್ಕು ಒಳಗಿಂದ ತಗಡನ್ನು ತಿನ್ನುತ್ತಿರುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಂತೂ ಅದು ಇನ್ನೂ ಬೇಗ ಹಬ್ಬುತ್ತದೆ. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆಯದೆ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಗುಳ್ಳೆ ಮತ್ತೆ ಏಳುವುದು ಖಚಿತ. ಹಾಗಾಗಿ ಪೇಂಟಿಗಿಂತ ಮೊದಲು ಟಿಂಕರಿಂಗ್‌ಗೆ ಹಣ ಹಾಕಿ. ಬಣ್ಣವೂ ಮೊದಲಿದ್ದದ್ದೇ ಇರಲಿ. ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು, ಇಲ್ಲವಾದರೆ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ತಪಾಸಣೆಯಲ್ಲಿ ತೊಡಕಾದೀತು. ಕಾರ್ಖಾನೆಯಲ್ಲಿ ಬಳಿದ ಬಣ್ಣವನ್ನು ಒಮ್ಮೆ ಉಜ್ಜಿ ತೆಗೆದರೆ ಅದು ಮತ್ತೆ ಬಾರದು. ತಗಡು ಗಟ್ಟಿಯಿದ್ದರೆ ಮಾಸಿದ ಬಣ್ಣವನ್ನು ಗೌರವದಿಂದ ಉಳಿಸಿಕೊಳ್ಳಿ. ತುಕ್ಕು ಹಿಡಿದಿದ್ದರೆ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಗ್ಯಾರೇಜಿಗೆ ಒಯ್ಯಿರಿ.