ಸುದ್ದಿ ಪತ್ರಿಕೆಗೆ ಹೋಗಲಿ, ಮನೆ ನಮ್ಮದಿರಲಿ

ಅಂತರ್ಜಾಲದಲ್ಲಿ ‘ಹರವೆ’ ಎಂದು ಹುಡುಕಿ ನೋಡಿ. ನಕ್ಷೆ ಬರುತ್ತದೆ, ಪಿನ್‌ಕೋಡ್ ಬರುತ್ತದೆ, ಬ್ಯಾಂಕಿನ ಐಎಫ್‌ಎಸ್‌ಸಿ ಸಂಖ್ಯೆ ಬರುತ್ತದೆ. ಜಾಹೀರಾತು ತುಂಬಿದ ಯಾವುದೋ ಪುಟದಲ್ಲಿ ಜನಗಣತಿಯ ಅಂಕಿಯೂ ಸಿಗುತ್ತದೆ. ಊರು ಮಾತ್ರ ಸಿಗುವುದಿಲ್ಲ. ಅರಿಶಿನ ಬೇಯಿಸುವ ಕಾಲ ಯಾವುದು, ಯಾವ ಕೆರೆ ಯಾವ ವರ್ಷ ಕೋಡಿ ಬಿತ್ತು, ಸಣ್ಣ ಈರುಳ್ಳಿ ಬೆಲೆ ಕುಸಿದಾಗ ಜನ ಏನು ಮಾಡಿದರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಇದಕ್ಕೆ ಒಂದು ಕಾರಣ ನಮ್ಮ ವೃತ್ತಿಯ ಒಳಗೇ ಇದೆ. ಹರವೆ ಹೋಬಳಿ ಕಂದಾಯದ ಲೆಕ್ಕಕ್ಕೆ ಚಾಮರಾಜನಗರ ತಾಲ್ಲೂಕು, ವೋಟಿನ ಲೆಕ್ಕಕ್ಕೆ ಗುಂಡ್ಲುಪೇಟೆ ವಿಧಾನಸಭಾ ಕ್ಷೇತ್ರ. ಚಾಮರಾಜನಗರದ ಸುದ್ದಿಗಾರ ‘ಅದು ಗುಂಡ್ಲುಪೇಟೆಯವರು ನೋಡ್ಕೊಳ್ತಾರೆ’ ಅಂದುಕೊಳ್ಳುತ್ತಾನೆ, ಗುಂಡ್ಲುಪೇಟೆಯ ಸುದ್ದಿಗಾರ ‘ಅದು ಜಿಲ್ಲಾ ಕೇಂದ್ರದವರದ್ದು’ ಅನ್ನುತ್ತಾನೆ. ಶಾಸಕರು ಬಂದು ಗುದ್ದಲಿ ಪೂಜೆ ಮಾಡಿದ ದಿನ ಮಾತ್ರ ಇಬ್ಬರೂ ಬರುತ್ತಾರೆ. ಹೀಗೆ ಎರಡು ತಾಲ್ಲೂಕು ಪುಟಗಳ ನಡುವಿನ ಸಂದಿಯಲ್ಲಿ ಬಿದ್ದ ಊರುಗಳು ನಮ್ಮ ರಾಜ್ಯದಲ್ಲಿ ಇದೊಂದೇ ಅಲ್ಲ.

ಹಾಗಾಗಿ ನಮ್ಮ ವಾದ ಇಷ್ಟು: ಗ್ರಾಮೀಣ ಪತ್ರಕರ್ತರು ಒಬ್ಬೊಬ್ಬರೂ ಒಂದು ಚಿಕ್ಕ ಸ್ವಂತ ಜಾಲತಾಣ ಇಟ್ಟುಕೊಳ್ಳಬೇಕು. ವ್ಯಾಪಾರಕ್ಕಲ್ಲ, ಹವ್ಯಾಸಕ್ಕೆ. ಕಟ್ಟುವುದು ದೊಡ್ಡದಲ್ಲ, ಅದನ್ನು ಗುಡಿಸಿ, ಸಾರಿಸಿ, ಆಗಾಗ ಬಣ್ಣ ಬದಲಿಸಿ ಉಳಿಸಿಕೊಳ್ಳುವುದೇ ದೊಡ್ಡದು.

ಹರಿವಿನಲ್ಲಿ ಕೊಚ್ಚಿಹೋಗುವುದು

‘ಫೇಸ್‌ಬುಕ್ ಇದೆಯಲ್ಲ, ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ’ ಎಂದು ಕೇಳುವವರಿದ್ದಾರೆ. ಇವೆ. ನಾವೂ ಬಳಸುತ್ತೇವೆ. ಆದರೆ ಅಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ಕೆಳಗೆ ಹೋಗಿರುತ್ತದೆ. ಮುಂದಿನ ವರ್ಷ ಹುಡುಕಿದರೆ ಹಾಕಿದವರಿಗೇ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಬೇರೆಯವರ ಜಾಗ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಹಳ್ಳಿಯ ಎಷ್ಟು ಹಾಡು, ಎಷ್ಟು ಕುಣಿತ, ಎಷ್ಟು ಹೊಲದ ಬದುವಿನ ತಮಾಷೆ ಅದರೊಂದಿಗೇ ಹೋಯಿತು ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ. ಬಾಡಿಗೆ ಮನೆಯ ಗೋಡೆಗೆ ಬರೆದ ಚಿತ್ರಕ್ಕೆ ಮನೆ ಮಾಲೀಕನೇ ಗತಿ.

ಪತ್ರಿಕೆಗಳ ಕಥೆಯೂ ಹೆಚ್ಚು ಬೇರೆಯಲ್ಲ. ನಾವು ಸುದ್ದಿ ಕಳಿಸುತ್ತಿದ್ದ ಒಂದು ಪತ್ರಿಕೆ ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಿಕೊಂಡಿತು. ಹಳೆಯ ಕೊಂಡಿಗಳೆಲ್ಲ ಒಂದೇ ದಿನ ಮುಖಪುಟಕ್ಕೆ ತಿರುಗಿಕೊಂಡವು. ಐದಾರು ವರ್ಷದ ಹೋಬಳಿ ಸುದ್ದಿ ಎಲ್ಲಿದೆ ಎಂದು ಕೇಳಿದರೆ ಅಲ್ಲಿಯವರಿಗೂ ಗೊತ್ತಿರಲಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2013ರಲ್ಲಿ ಜಾಲದಲ್ಲಿದ್ದ ಪುಟಗಳ ಪೈಕಿ ಶೇ 38ರಷ್ಟು ಹತ್ತು ವರ್ಷದಲ್ಲಿ ಇಲ್ಲವಾಗಿದ್ದವು ಎಂಬುದು ಅದರ ಸಾರ. ದೊಡ್ಡ ದೊಡ್ಡ ಸಂಸ್ಥೆಗಳ ಪುಟಗಳೇ ಹೀಗೆ ಉದುರುವಾಗ ತಾಲ್ಲೂಕು ಪುಟದ ಎರಡು ಕಾಲಂ ಸುದ್ದಿಯ ಪಾಡೇನು?

ಇದು ಬರೀ ಭಾವುಕತೆಯ ಮಾತಲ್ಲ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯ ಮಾತು ನಾಡಿಗೆಲ್ಲ ಸುದ್ದಿಯಾಯಿತು, ತನಿಖೆ ನಡೆಯಿತು, ನ್ಯಾಯಾಲಯದವರೆಗೂ ಹೋಯಿತು. ದೊಡ್ಡ ಸುದ್ದಿ ಉಳಿಯುತ್ತದೆ. ಆದರೆ ಆ ವಾರ ಒಂದೊಂದು ಊರಲ್ಲಿ ಏನಾಯಿತು, ಯಾವ ಮನೆಯವರು ಆಂಬುಲೆನ್ಸಿಗೆ ಎಷ್ಟು ಹೊತ್ತು ಕಾದರು, ಯಾರು ಯಾರಿಗೆ ಊಟ ಕೊಟ್ಟರು ಎಂಬ ಸಣ್ಣ ಸುದ್ದಿಗಳು ಇದ್ದದ್ದು ನಮ್ಮಂಥ ಬಿಡಿ ಸುದ್ದಿಗಾರರ ಟಿಪ್ಪಣಿ ಪುಸ್ತಕದಲ್ಲಿ, ಮೊಬೈಲಿನಲ್ಲಿ. ಮೊಬೈಲು ಕೆಟ್ಟರೆ ಆ ಚರಿತ್ರೆಯೂ ಕೆಟ್ಟಂತೆ.

ಬೀದಿ ಮತ್ತು ಮನೆ ನಂಬರು

ಸ್ವಂತ ಜಾಲತಾಣ ಹೊಸ ಹುಚ್ಚೇನಲ್ಲ. 1990ರ ದಶಕದಲ್ಲಿ ಜಿಯೊಸಿಟೀಸ್ ಎಂಬ ತಾಣ ಜನರಿಗೆ ಉಚಿತವಾಗಿ ಜಾಗ ಕೊಡುತ್ತಿತ್ತು. ಅಲ್ಲಿ ಬಡಾವಣೆಗಳಿದ್ದವು, ಒಬ್ಬೊಬ್ಬರ ಪುಟಕ್ಕೂ ಮನೆ ನಂಬರಿನ ಹಾಗೆ ಒಂದು ಸಂಖ್ಯೆ ಇತ್ತು. ಜನ ತಮ್ಮ ನಾಯಿಯ ಚಿತ್ರ, ಅಡುಗೆ, ಇಷ್ಟದ ಸಿನಿಮಾ ಹಾಕಿ ಪುಟ ಸಿಂಗರಿಸುತ್ತಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಉತ್ಸಾಹಿ ಸ್ವಯಂಸೇವಕರು ಕೈಗೆ ಸಿಕ್ಕಷ್ಟು ನಕಲು ಮಾಡಿಕೊಂಡು ಉಳಿಸಿದರು. ಅದರ ನೆನಪಿನಲ್ಲೇ 2013ರಲ್ಲಿ ನಿಯೊಸಿಟೀಸ್ ಶುರುವಾಯಿತು. ಅಲ್ಲಿ ಇವತ್ತಿಗೂ ಜನ ಕೈಯಲ್ಲೇ ಪುಟ ಬರೆದು ಮನೆ ಕಟ್ಟುತ್ತಿದ್ದಾರೆ.

ಕನ್ನಡದಲ್ಲೂ ಜಾಲ ಶುರುವಾದದ್ದು ಕಂಪನಿಗಳಿಂದಲ್ಲ, ಹವ್ಯಾಸಿಗಳ ಕೈಯಿಂದ. ಯು.ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಆರಂಭಿಸಿದಾಗ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದೇ ಸಾಹಸವಾಗಿತ್ತು. ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶ ಕೊಟ್ಟರು. 2003ರಲ್ಲಿ ಕನ್ನಡ ವಿಕಿಪೀಡಿಯ ಬಂತು, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ಬಂತು. ಆಮೇಲೆ ನಾಲ್ಕೈದು ವರ್ಷ ಕನ್ನಡ ಬ್ಲಾಗುಗಳ ಸುಗ್ಗಿ. ಆ ಬ್ಲಾಗುಗಳಲ್ಲಿ ಎಷ್ಟೋ ಇವತ್ತಿಗೂ ತೆರೆಯುತ್ತವೆ. ಕೊನೆಯ ಬರಹ ಮಾತ್ರ ಹೆಚ್ಚುಕಡಿಮೆ ಒಂದೇ ಥರ: ‘ಬರೆದು ಬಹಳ ದಿನವಾಯಿತು, ಇನ್ನು ಮೇಲೆ ತಪ್ಪದೆ ಬರೆಯುತ್ತೇನೆ’. ಕೆಳಗೆ ತಾರೀಖು 2011.

ಕಟ್ಟುವವರಿಗೆ ಕೊರತೆ ಇರಲಿಲ್ಲ. ಕಸ ಹೊಡೆಯುವವರು ಕಡಿಮೆಯಾದರು.

ಸುಣ್ಣ ಬಳಿಯೋಣ, ಬಾಗಿಲು ಕೀಳುವುದು ಬೇಡ

ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುತ್ತೇವೆ. ಹಾಗಂತ ಮುಂಬಾಗಿಲು ಕಿತ್ತು ಹಿತ್ತಲಿಗೆ ಇಡುವುದಿಲ್ಲ. ಜಾಲತಾಣದ ವಿನ್ಯಾಸ ಬದಲಿಸುವಾಗಲೂ ಇದೊಂದು ನೆನಪಿರಬೇಕು. ಬಣ್ಣ ಬದಲಾಗಲಿ, ಪುಟದ ವಿಳಾಸ ಬದಲಾಗಬಾರದು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಈ ಬಗ್ಗೆ ಒಂದು ಲೇಖನ ಬರೆದು, ವಿಳಾಸ ಬದಲಿಸುವುದಕ್ಕೆ ತಾಂತ್ರಿಕ ಕಾರಣ ಏನೂ ಇಲ್ಲ, ಅದು ಮನುಷ್ಯರ ಅಸಡ್ಡೆ ಎಂದು ವಾದಿಸಿದ್ದರು.

ಹರವೆ ಸುತ್ತಿನ ಸಂಗತಿಗಳಿಗಾಗಿ ನಾವು ಇಟ್ಟುಕೊಂಡಿರುವ ಚಿಕ್ಕ ತಾಣಕ್ಕೆ ಈ ಸಲ ಹೊಸ ರೂಪ ಕೊಟ್ಟೆವು. ಮಾಡಿದ ಕೆಲಸದಲ್ಲಿ ಬೇರೆಯವರಿಗೂ ಉಪಯೋಗಕ್ಕೆ ಬರುವುದನ್ನು ಹೇಳುತ್ತೇವೆ.

ಮೊದಲನೆಯದು ಅಕ್ಷರ. ಪತ್ರಿಕೆಗೆ ಕಳಿಸುವ ಸುದ್ದಿ ಇಂದಿಗೂ ಎಷ್ಟೋ ಕಡೆ ನುಡಿ, ಬರಹದ ಹಳೆಯ ಫಾಂಟುಗಳಲ್ಲೇ ಇರುತ್ತದೆ. ಅದರ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಮಾತ್ರ ಕನ್ನಡದ ವೇಷ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಬರೀ ಚಿತ್ತು, ಗೂಗಲ್‌ಗಂತೂ ಕಾಣುವುದೇ ಇಲ್ಲ. ಎಲ್ಲವನ್ನೂ ಯೂನಿಕೋಡ್‌ಗೆ ತಿರುಗಿಸಬೇಕು, ತಿರುಗಿಸಿದ ಮೇಲೆ ಒಂದು ಸಲ ಓದಲೇಬೇಕು. ‘ರ‍್ಯಾಲಿ’ಯಂಥ ಪದಗಳಲ್ಲಿ ಅರ್ಕಾವತ್ತು ಕೈಕೊಡುತ್ತದೆ.

ಎರಡನೆಯದು ಸಾಲುಗಳ ನಡುವಿನ ಜಾಗ. ಬಹುಪಾಲು ಸಿದ್ಧ ವಿನ್ಯಾಸಗಳು ಇಂಗ್ಲಿಷಿಗೆ ಅಳತೆ ಕೊಟ್ಟು ಹೊಲಿದ ಅಂಗಿ. ನಮ್ಮ ‘ಶಾಸ್ತ್ರ’, ‘ಕೃಷ್ಣ’, ‘ರಾಷ್ಟ್ರ’ಗಳಿಗೆ ಕೆಳಗೆ ಒತ್ತು ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಅಕ್ಷರದ ಗಾತ್ರದ 1.7 ಪಟ್ಟು ಸಾಲಿನ ಎತ್ತರ ಕೊಟ್ಟರೆ ಕಣ್ಣಿಗೆ ಹಿತ. ಎರಡೂ ಅಂಚು ಸಮ ಮಾಡುವ ಆಸೆ ಬಿಡಬೇಕು. ಕನ್ನಡದ ಪದಗಳು ಉದ್ದ, ಮೊಬೈಲಿನ ಪರದೆ ಸಣ್ಣದು, ನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ತೂತು ಕಾಣುತ್ತದೆ.

ಮೂರನೆಯದು ಬಣ್ಣ. ಅರಿಶಿನದ ಸೀಮೆ, ಚೆಂಡು ಹೂವಿನ ಸೀಮೆ ಎಂದು ಹಳದಿ ಬಣ್ಣ ಬೇಕೇ ಬೇಕೆನಿಸಿತು. ಆದರೆ ಬಿಳಿಯ ಮೇಲೆ ಹಳದಿ ಅಕ್ಷರ ಬಿಸಿಲಲ್ಲಿ ಓದಲು ಆಗುವುದಿಲ್ಲ. ನಮ್ಮ ಓದುಗರು ಓದುವುದು ಎ.ಸಿ. ಕೋಣೆಯಲ್ಲಲ್ಲ, ಬಸ್‌ಸ್ಟ್ಯಾಂಡಿನಲ್ಲಿ. ಹಳದಿಯನ್ನು ಅಂಚಿಗೆ ಇಟ್ಟು ಅಕ್ಷರಕ್ಕೆ ಕಪ್ಪು, ಕೊಂಡಿಗೆ ಕುಂಕುಮದ ಕೆಂಪು ಕೊಟ್ಟೆವು.

ನಾಲ್ಕನೆಯದು ಭಾರ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ 3–4 ಎಂಬಿ ಇರುತ್ತದೆ. ಅದನ್ನು 200 ಕೆಬಿ ಒಳಗೆ ಇಳಿಸಿದರೂ ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ಆ ವ್ಯತ್ಯಾಸವೇ ಪುಟ ತೆರೆಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ಐದನೆಯದು ವಿಳಾಸ. ಪುಟದ ಹೆಸರನ್ನು ವಿಳಾಸದಲ್ಲೂ ಕನ್ನಡದಲ್ಲೇ ಇಡಬೇಕೆಂಬ ಅಭಿಮಾನ ಸಹಜ. ಅದನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದ ಸಾಲಾಗುತ್ತದೆ, ನೋಡಿದವರು ವೈರಸ್ ಎಂದು ಹೆದರುತ್ತಾರೆ. ಒಳಗೆಲ್ಲ ಕನ್ನಡವಿರಲಿ, ಕದದ ಮೇಲಿನ ವಿಳಾಸ ಸರಳವಾಗಿ ಇಂಗ್ಲಿಷ್ ಅಕ್ಷರದಲ್ಲಿ ಇದ್ದರೆ ನಷ್ಟವಿಲ್ಲ.

ಕೊನೆಯದಾಗಿ, ‘ತಿದ್ದುಪಡಿ’ ಎಂದು ಒಂದು ಪುಟ ಮಾಡಿದೆವು. ಯಾವ ದಿನ ಏನು ತಿದ್ದಿದೆವು ಎಂಬ ಪಟ್ಟಿ ಅಲ್ಲಿರುತ್ತದೆ. ಒಂದು ಕಟ್ಟೆಯ ಹೆಸರು ಊರಿನ ಹಿರಿಯರು ಕರೆಯುವುದು ಬೇರೆ, ದಾಖಲೆಯಲ್ಲಿರುವುದು ಬೇರೆ ಎಂದು ಮೈಸೂರಿನಲ್ಲಿ ನೆಲೆಸಿದ ಊರಿನವರೊಬ್ಬರು ತಿಳಿಸಿದರು. ಈಗ ಎರಡೂ ಹೆಸರು ಅಲ್ಲಿವೆ. ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಥದ್ದಕ್ಕೆ ಜಾಗವಿಲ್ಲ.

ಇದ್ರಿಂದ ಏನ್ ಬತ್ತದ?

ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಪ್ರಾಮಾಣಿಕ ಉತ್ತರ: ಕಾಸು ಬರುವುದಿಲ್ಲ. ಸ್ವಂತ ಹೆಸರಿನ ವಿಳಾಸ ಬೇಕೆಂದರೆ ವರ್ಷಕ್ಕೆ ಕೆಲವು ನೂರು ರೂಪಾಯಿ ಕೈಯಿಂದಲೇ ಹೋಗುತ್ತದೆ. ಅದೂ ಬೇಡವೆಂದರೆ ಉಚಿತ ಜಾಗಗಳಿವೆ, ನಕಲು ಮಾತ್ರ ನಮ್ಮ ಕೈಯಲ್ಲಿರಬೇಕು.

ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕಾಣುವ, ಅದೂ ತಿಂಗಳುಗಟ್ಟಲೆ ಕಾಯುವ ಬಿಡಿ ಸುದ್ದಿಗಾರನ ತಲೆಗೆ ಇನ್ನೊಂದು ಬಿಟ್ಟಿ ಚಾಕರಿ ಕಟ್ಟುತ್ತಿದ್ದೀರಾ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದಕ್ಕೇ ಹವ್ಯಾಸ ಎಂಬ ಪದಕ್ಕೆ ಒತ್ತು ಕೊಡುತ್ತಿದ್ದೇವೆ. ಇಲ್ಲಿ ಡೆಡ್‌ಲೈನ್ ಇಲ್ಲ, ಬ್ಯೂರೋದಿಂದ ಫೋನ್ ಇಲ್ಲ, ಎಷ್ಟು ಜನ ನೋಡಿದರು ಎಂಬ ಲೆಕ್ಕ ಇಲ್ಲ. ಭಾನುವಾರ ಒಂದು ಗಂಟೆ ಕುಳಿತು ಒಂದು ಫೋಟೊಗೆ ಅಡಿಬರಹ ಬರೆದರೂ ಸಾಕು, ಸತ್ತ ಕೊಂಡಿಯೊಂದನ್ನು ಸರಿಪಡಿಸಿದರೂ ಸಾಕು. ಇಷ್ಟವಿಲ್ಲದ ವಾರ ಬಿಡಬಹುದು.

ಜಾಹೀರಾತು ಹಾಕಿ, ಪ್ರೆಸ್ ಕಾರ್ಡ್ ಅಚ್ಚು ಹಾಕಿಸಿ ‘ನ್ಯೂಸ್ ಪೋರ್ಟಲ್’ ಎಂದು ಬೋರ್ಡು ಹಾಕಿದ ದಿನ ಅದು ಬೇರೆಯದೇ ವಸ್ತುವಾಗುತ್ತದೆ. ಅಂಥವಕ್ಕೆ ಯಾವ ಜಿಲ್ಲೆಯಲ್ಲೂ ಬರವಿಲ್ಲ. ಬರ ಇರುವುದು ಮಳೆ ಬಿದ್ದ ದಿನಗಳ ಪಟ್ಟಿಗೆ, ತೆರಕಣಾಂಬಿ ಮಾರುಕಟ್ಟೆಯಲ್ಲಿ ಟೊಮೆಟೊ ಏನು ಬೆಲೆಗೆ ಹೋಯಿತೆಂಬ ಟಿಪ್ಪಣಿಗೆ, ನೀಲಗಾರರ ಹಾಡು ಯಾವ ರಾತ್ರಿ ಎಲ್ಲಿ ನಡೆಯಿತೆಂಬ ನೆನಪಿಗೆ, ಹೊಲಗಳ ಹೆಸರಿಗೆ.

ಎರಡು ಎಚ್ಚರ ಬೇಕು. ಪತ್ರಿಕೆಗೆ ಕೊಟ್ಟು ಅಚ್ಚಾದದ್ದನ್ನು ಹಾಗೇ ಎತ್ತಿ ಹಾಕುವ ಮೊದಲು ಪತ್ರಿಕೆಯೊಂದಿಗಿನ ಕರಾರು ನೋಡಿಕೊಳ್ಳಬೇಕು. ಅಚ್ಚಾಗದೆ ಉಳಿದ ಟಿಪ್ಪಣಿ, ಫೋಟೊಗಳೇ ಬೇಕಾದಷ್ಟಿರುತ್ತವೆ. ಇನ್ನೊಂದು, ಮನೆಗೆ ಬಾಗಿಲಿದೆ, ಜಾಲಕ್ಕೆ ಇಲ್ಲ. ಮಕ್ಕಳ ಮುಖ, ಫೋನ್ ನಂಬರು, ಯಾರ ಮನೆಯ ಕಾಯಿಲೆ, ಯಾರ ಮನೆಯ ಜಗಳ, ಇವು ನಮ್ಮ ಪುಟಕ್ಕೆ ಬರಬಾರದು.

ನಮ್ಮ ನಂತರ

ಸ್ವಂತ ತಾಣಕ್ಕೆ ಒಂದು ದೊಡ್ಡ ದೌರ್ಬಲ್ಯವಿದೆ. ಮಾಲೀಕ ಸುಸ್ತಾದರೆ, ಕೆಲಸ ಸಿಕ್ಕಿ ಊರು ಬಿಟ್ಟರೆ, ಕಣ್ಮುಚ್ಚಿದರೆ ನವೀಕರಣದ ದಿನ ದಾಟುತ್ತದೆ, ಮನೆ ಬೀಳುತ್ತದೆ. ಕಂಪನಿ ಮುಚ್ಚಿದರೂ ಅಷ್ಟೇ, ನಾವು ಮುಚ್ಚಿದರೂ ಅಷ್ಟೇ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು.

ಆದರೆ ಇಲ್ಲಿ ಕೀಲಿಕೈ ನಮ್ಮ ಕೈಯಲ್ಲಿದೆ. ಸರಳವಾಗಿ ಕಟ್ಟಿದ ತಾಣ ಒಂದು ಪೆನ್‌ಡ್ರೈವ್‌ನಲ್ಲಿ ಸಲೀಸಾಗಿ ಹಿಡಿಸುತ್ತದೆ, ಇಂಟರ್‌ನೆಟ್ ಇಲ್ಲದೆಯೂ ತೆರೆಯುತ್ತದೆ. ಪಾಸ್‌ವರ್ಡ್ ಬರೆದು ನಂಬಿಕಸ್ಥರೊಬ್ಬರಿಗೆ ಕೊಡಬಹುದು. ಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಬಹುದು, ಅದಕ್ಕೆ ಕಾಸಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ವರ್ಷಕ್ಕೊಮ್ಮೆ ಅಲ್ಲಿಗೊಂದು ನಕಲು ಕೊಡುವುದು ಕಷ್ಟವಲ್ಲ. ಊರಿನ ಮಕ್ಕಳು ಕಂಪ್ಯೂಟರಿನಲ್ಲಿ ಮೊದಲ ಸಲ ಓದುವುದು ತಮ್ಮದೇ ಕೆರೆಯ ಹೆಸರಾದರೆ ಕೆಟ್ಟದ್ದೇನಲ್ಲ.

ಡಿಪ್ಲೊಮಾ ಮುಗಿಸಿ ಬೇರೆ ಬೇರೆ ಜಿಲ್ಲೆಗಳಲ್ಲಿ ಚದುರಿರುವ ನಾವು ಮೂವತ್ತು ನಲವತ್ತು ಜನ ಇದ್ದೇವೆ. ಒಬ್ಬೊಬ್ಬರು ಒಂದೊಂದು ಹೋಬಳಿ ಹಿಡಿದರೂ ಅಷ್ಟು ಊರುಗಳು ಪಿನ್‌ಕೋಡಿನಾಚೆ ಬದುಕುತ್ತವೆ. ಮುಂದಿನ ಭಾನುವಾರ ಒಂದೇ ಒಂದು ಪುಟದಿಂದ ಶುರುಮಾಡಿ. ಊರಿನ ಹೆಸರು ಬರೆಯಿರಿ, ತಾರೀಖು ಹಾಕಿ, ಆ ವಾರ ಮಳೆ ಬಂತೋ ಇಲ್ಲವೋ ಬರೆಯಿರಿ. ಬಣ್ಣ ಆಮೇಲೆ ನೋಡಿಕೊಳ್ಳೋಣ.