ಅಗ್ಗದ ವೀಸಾ, ತುಟ್ಟಿಯ ಲೆಕ್ಕ

ಕಳೆದ ಭಾನುವಾರ ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ನೆರೆಮನೆಯ ರಾಯರು ಬಂದರು. ಕೈಯಲ್ಲಿ ಬ್ಯಾಂಕಿನ ಠೇವಣಿ ರಸೀದಿ, ಮುಖದಲ್ಲಿ ಚಿಂತೆ.

“ಇದನ್ನು ಮುರಿಸಬೇಕೋ ಬೇಡವೋ, ನೀವೇ ಒಂದು ಮಾತು ಹೇಳಿಬಿಡಿ, ಸ್ವಾಮಿ” ಎಂದರು.

ವಿಷಯವಿಷ್ಟು. ರಾಯರ ಮಗನಿಗೆ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಸಂಬಳ. ಕೆಲಸವೆಲ್ಲ ಮನೆಯ ಮಹಡಿಯ ಮೇಲೆ, ಲ್ಯಾಪ್‌ಟಾಪಿನ ಮುಂದೆ. “ಇಲ್ಲಿ ಕುಳಿತು ಮಾಡುವುದನ್ನು ಸಮುದ್ರತೀರದಲ್ಲಿ ಕುಳಿತು ಮಾಡಿದರೇನು?” ಎಂದು ಅವನಿಗೂ ಸೊಸೆಗೂ ತೋರಿದೆ. ಒಂದು ವರ್ಷ ಹೊರದೇಶದಲ್ಲಿ ಇದ್ದು ಬರುವ ಆಸೆ. ಅಗ್ಗದ ವೀಸಾ ಕೊಡಿಸುವೆನೆಂದ ಏಜೆಂಟನೊಬ್ಬ, “ನಿಮ್ಮ ತಂದೆಯವರ ಠೇವಣಿಯನ್ನು ಎರಡು ತಿಂಗಳ ಮಟ್ಟಿಗೆ ನಿಮ್ಮ ಖಾತೆಗೆ ಹಾಕಿಸಿ ತೋರಿಸಿದರೆ ಸಾಕು” ಎಂದು ಉಪಾಯವನ್ನೂ ಹೇಳಿಕೊಟ್ಟಿದ್ದಾನೆ.

ಹಿಂದೆ ನಮ್ಮ ಕಡೆಯ ಹುಡುಗರು ಕೆಲಸವನ್ನು ಅರಸಿಕೊಂಡು ಮುಂಬಯಿಗೆ ಹೋಗುತ್ತಿದ್ದರು. ಈಗಿನವರು ಕೆಲಸವನ್ನು ಚೀಲದಲ್ಲಿಟ್ಟುಕೊಂಡು ಊರನ್ನು ಅರಸುತ್ತಾರೆ. ಇದನ್ನು ಕಂಡ ದೇಶಗಳು ಸುಮ್ಮನಿರಲಿಲ್ಲ. ಮಹಾಮಾರಿಯ ವರ್ಷವಾದ 2020ರಲ್ಲಿಯೇ ಬಾರ್ಬಡೋಸ್, ಎಸ್ಟೋನಿಯ, ಮಾರಿಷಸ್ ದೇಶಗಳು ಇಂಥವರಿಗಾಗಿ ಬಾಗಿಲು ತೆರೆದವು. ಇದಕ್ಕೆ ‘ಡಿಜಿಟಲ್ ನೋಮ್ಯಾಡ್ ವೀಸಾ’ ಎಂದು ಹೆಸರು. ಅಂದರೆ ಅಲೆಮಾರಿ ನೌಕರರ ಪರವಾನಗಿ. ಇದರ ಮೂಲ ನಿಯಮ ಒಂದೇ: ಸಂಪಾದನೆ ಹೊರಗಿನಿಂದ ಬರಬೇಕು, ವೆಚ್ಚ ನಮ್ಮಲ್ಲಿ ಆಗಬೇಕು. ನಮ್ಮವರ ಉದ್ಯೋಗಕ್ಕೆ ನೀವು ಕೈಹಾಕಕೂಡದು!

ಇನ್ನು ಅಗ್ಗವೆಂಬ ಮಾತಿಗೆ ಬರೋಣ. ವೀಸಾದ ಶುಲ್ಕವನ್ನಷ್ಟೇ ನೋಡಿ ಅಗ್ಗವೆನ್ನುವುದು, ಹಸುವಿನ ಹಗ್ಗದ ಬೆಲೆ ಕೇಳಿ ಹಸುವನ್ನು ಕೊಳ್ಳಲು ಹೊರಟಂತೆ. ಶುಲ್ಕಕ್ಕಿಂತ ದೊಡ್ಡದು ಅರ್ಹತೆಯ ಹಣ. ಅದಕ್ಕಿಂತ ದೊಡ್ಡದು ಅಲ್ಲಿ ಬಾಳುವ ಖರ್ಚು.

ಥಾಯ್ಲೆಂಡನ್ನೇ ತೆಗೆದುಕೊಳ್ಳಿ. 2024ರ ಜುಲೈಯಲ್ಲಿ ಆರಂಭವಾದ ಅಲ್ಲಿಯ ಡಿಟಿವಿ ಎಂಬ ವೀಸಾಕ್ಕೆ ಗೊತ್ತುಮಾಡಿದ ಶುಲ್ಕ 10,000 ಬಾತ್, ಅಂದರೆ ಇಪ್ಪತ್ತೈದು ಸಾವಿರ ರೂಪಾಯಿಯ ಆಸುಪಾಸು. ಅವಧಿ 5 ವರ್ಷ. ಒಮ್ಮೆ ಒಳಹೊಕ್ಕರೆ 180 ದಿನಗಳವರೆಗೆ ಇರಬಹುದು. ಇಷ್ಟನ್ನು ಕೇಳಿದವರಿಗೆ ಇದಕ್ಕಿಂತ ಅಗ್ಗ ಬೇರೊಂದಿಲ್ಲವೆನಿಸುತ್ತದೆ. ಆದರೆ ಖಾತೆಯಲ್ಲಿ 5 ಲಕ್ಷ ಬಾತ್ ಇದೆಯೆಂದು ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಅದು ಹನ್ನೆರಡು ಲಕ್ಷ ರೂಪಾಯಿಗಳನ್ನು ಮೀರುತ್ತದೆ. ರಾಯರ ಠೇವಣಿಯ ಮೇಲೆ ಕಣ್ಣು ಬಿದ್ದದ್ದು ಇಲ್ಲಿಯೇ.

ಮಲೇಷ್ಯ 2022ರ ಅಕ್ಟೋಬರಿನಲ್ಲಿ ‘ಡಿಇ ರಾಂಟೌ’ ಯೋಜನೆಯನ್ನು ತಂದಿತು. ಶುಲ್ಕ 1,000 ರಿಂಗಿಟ್, ಸುಮಾರು ಇಪ್ಪತ್ತು ಸಾವಿರ ರೂಪಾಯಿ. ಜೊತೆಯಲ್ಲಿ ಬರುವವರಿಗೆ ತಲಾ 500 ರಿಂಗಿಟ್. ಇಲ್ಲಿ ಕೇಳುವುದು ಉಳಿತಾಯವನ್ನಲ್ಲ, ವರಮಾನವನ್ನು: ಕಂಪ್ಯೂಟರ್ ವಲಯದವರಿಗೆ ವರ್ಷಕ್ಕೆ 24,000 ಡಾಲರ್, ಎಂದರೆ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ರಾಯರ ಮಗನ ವರಮಾನ ಹದಿನೆಂಟು ಲಕ್ಷ. ಹೊಸ್ತಿಲಲ್ಲಿಯೇ ನಿಲ್ಲಬೇಕಾಯಿತು.

ಮಾರಿಷಸ್ ತನ್ನ ‘ಪ್ರೀಮಿಯಂ ವೀಸಾ’ವನ್ನು ಶುಲ್ಕವೇ ಇಲ್ಲದೆ ಆರಂಭಿಸಿತು. ಆಗ ಗೊತ್ತುಮಾಡಿದ ವರಮಾನ ತಿಂಗಳಿಗೆ 1,500 ಡಾಲರ್. ರಾಯರ ಮಗನಿಗೆ ಎಟುಕುವಂಥದು. ಆದರೆ ಅದು ದ್ವೀಪ. ಆಹಾರ ಪದಾರ್ಥಗಳಲ್ಲಿ ಬಹುಪಾಲು ಹಡಗಿನಲ್ಲಿ ಬರಬೇಕು. ವಿಮಾನದ ದರ, ಮನೆಬಾಡಿಗೆ, ಆರೋಗ್ಯ ವಿಮೆ ಇವೆಲ್ಲ ಸೇರಿದಾಗ ಪುಕ್ಕಟೆಯ ವೀಸಾ ಪುಕ್ಕಟೆಯಾಗಿ ಉಳಿಯುವುದಿಲ್ಲ. ಬಾರ್ಬಡೋಸ್ ಒಬ್ಬರಿಗೆ 2,000 ಡಾಲರ್ ಶುಲ್ಕವನ್ನೇ ಇಟ್ಟಿತ್ತು. ಪೋರ್ಚುಗಲ್ ತನ್ನ ಕನಿಷ್ಠ ವೇತನದ ನಾಲ್ಕರಷ್ಟು ವರಮಾನ ಕೇಳುತ್ತದೆ. ಅವು ನಮ್ಮ ಮಧ್ಯಮ ವರ್ಗದ ಮನೆಗಳ ಮಾತಲ್ಲ.

ಇನ್ನೂ ಒಂದು ಲೆಕ್ಕವಿದೆ; ಅದನ್ನು ಏಜೆಂಟರು ಹೇಳುವುದಿಲ್ಲ. ಅದು ತೆರಿಗೆಯದು. ನಮ್ಮ ದೇಶದಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಇದ್ದವನು ಇಲ್ಲಿಯ ನಿವಾಸಿ; ಅವನ ಎಲ್ಲ ವರಮಾನಕ್ಕೂ ಇಲ್ಲಿ ತೆರಿಗೆ. ಅಕ್ಟೋಬರ್ ಮೊದಲಲ್ಲಿ ಹೊರಟು ಮುಂದಿನ ಸೆಪ್ಟೆಂಬರ್ ಕೊನೆಗೆ ಮರಳಿದವನು ಇಡೀ ವರ್ಷ ಹೊರಗಿದ್ದರೂ, ಎರಡು ವರ್ಷದ ಲೆಕ್ಕದಲ್ಲಿಯೂ ಇಲ್ಲಿಯ ನಿವಾಸಿಯೇ ಆಗುತ್ತಾನೆ! ಅತ್ತ ಥಾಯ್ಲೆಂಡಿನಲ್ಲಿ ಜನವರಿಯಿಂದ ಡಿಸೆಂಬರಿನೊಳಗೆ 180 ದಿನ ತುಂಬಿದರೆ ಅಲ್ಲಿಯ ತೆರಿಗೆಯ ಕಣ್ಣಿಗೂ ಅವನು ನಿವಾಸಿ. ಒಂದೇ ಹಣಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಆ ಮೂರು ದೇಶಗಳೊಡನೆಯೂ ಭಾರತದ ಒಪ್ಪಂದಗಳಿವೆ, ನಿಜ. ಆದರೆ ಒಪ್ಪಂದದ ಲಾಭ ಪಡೆಯಲು ಕಾಗದಪತ್ರ ಬೇಕು. ಟಿಕೆಟು ಕೊಳ್ಳುವ ಮೊದಲೇ ಆಡಿಟರನ್ನು ಕಾಣುವುದು ಕ್ಷೇಮ.

“ಕಚೇರಿಯವರು ಒಪ್ಪಿದ್ದಾರೆಯೇ?” ಎಂದು ಕೇಳಿದೆ.

“ಬಾಯಿಮಾತಿನಲ್ಲಿ ಒಪ್ಪಿದ್ದಾರಂತೆ” ಎಂದರು ರಾಯರು.

ಬಾಯಿಮಾತಿಗೆ ವೀಸಾ ಸಿಕ್ಕುವುದಿಲ್ಲ. ಹೊರದೇಶದಿಂದ ಕೆಲಸ ಮಾಡಲು ಅನುಮತಿಯಿದೆಯೆಂಬ ಪತ್ರವನ್ನು ಬರಹದಲ್ಲಿ ಪಡೆಯಬೇಕು. ಹಲವು ಕಂಪನಿಗಳು ತೆರಿಗೆಯ ತೊಡಕಿಗೂ ಮಾಹಿತಿಯ ಭದ್ರತೆಗೂ ಅಂಜಿ ಈ ಪತ್ರವನ್ನೇ ಕೊಡುವುದಿಲ್ಲ. ಅದಿಲ್ಲದೆ ಪ್ರವಾಸಿಯೆಂದು ಹೇಳಿಕೊಂಡು ಹೋಗಿ ಗುಟ್ಟಾಗಿ ಕೆಲಸ ಮಾಡಿದರೆ, ಸಿಕ್ಕಿಬಿದ್ದಾಗ ವೀಸಾದ ಜೊತೆಗೆ ನೌಕರಿಗೂ ಕುತ್ತು.

ಕೊನೆಗೆ ರಾಯರ ಪ್ರಶ್ನೆಗೆ ನಾನು ಹೇಳಿದ್ದು ಇಷ್ಟೇ: “ಠೇವಣಿ ಮುರಿಸಬೇಡಿ, ರಾಯರೇ. ಅವಧಿಗೆ ಮುನ್ನ ಮುರಿಸಿದರೆ ಬಡ್ಡಿಯಲ್ಲಿ ಕಡಿತ. ಅದು ಸಣ್ಣ ನಷ್ಟ. ರಾಯಭಾರ ಕಚೇರಿಗಳು ಕೆಲವು ತಿಂಗಳುಗಳ ಲೆಕ್ಕವನ್ನು ಕೇಳುವುದುಂಟು. ನಿನ್ನೆ ಬಂದು ಕುಳಿತ ಹಣ ಅಲ್ಲಿ ಎದ್ದು ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಹಣವನ್ನು ಕೇಳುವವರು ಪರದೇಶದಲ್ಲಿ ಕಾಯಿಲೆಯೋ ಕಷ್ಟವೋ ಬಂದರೆ ಇವನ ಕೈಯಲ್ಲಿ ಏನಾದರೂ ಇದೆಯೇ ಎಂದು ತಿಳಿಯಲು ಕೇಳುತ್ತಾರೆ. ಎರಡು ತಿಂಗಳಲ್ಲಿ ನಿಮಗೆ ಹಿಂದಿರುಗುವ ಹಣ ಆ ಪ್ರಶ್ನೆಗೆ ಉತ್ತರವಾದೀತೇ?”

ರಾಯರು ರಸೀದಿಯನ್ನು ಮಡಿಸಿ ಜೇಬಿನಲ್ಲಿಟ್ಟರು.

“ಹಾಗಾದರೆ ಹೋಗುವುದೇ ಬೇಡವೆನ್ನುತ್ತೀರಾ?”

“ಹೋಗಲಿ; ತರುಣರು ಲೋಕವನ್ನು ನೋಡಬೇಕು. ಮೊದಲು ಪತ್ರ ಬರಲಿ. ಆಮೇಲೆ ರಜೆ ಹಾಕಿ ಹದಿನೈದು ದಿನ ಹೋಗಿ ಬಾಡಿಗೆ, ತರಕಾರಿ, ಆಸ್ಪತ್ರೆಗಳ ದರ ವಿಚಾರಿಸಿಕೊಂಡು ಬರಲಿ. ಒಂದೆರಡು ವರ್ಷ ತಾನೇ ಕೂಡಿಡಲಿ. ಆಗಿನ ನಿಯಮವನ್ನು ಆ ಸರ್ಕಾರದವರಿಂದಲೇ ಕೇಳಿ ತಿಳಿಯಲಿ.”

ರಾಯರು ಹೊರಟವರು ಬಾಗಿಲಲ್ಲಿ ನಿಂತರು. “ಮಗನಿಗೆ ಇದನ್ನು ನಾನು ಹೇಳಿದರೆ ಹಳೆಯ ಕಾಲದವರೆನ್ನುತ್ತಾನೆ. ನೀವು ಪತ್ರಿಕೆಯಲ್ಲಿ ಬರೆದುಬಿಡಿ, ಸ್ವಾಮಿ, ಮೇಜಿನ ಮೇಲೆ ಇಟ್ಟಿರುತ್ತೇನೆ” ಎಂದರು.

ಬರೆದಿದ್ದೇನೆ.