ಅಂಕಪುಸ್ತಕ ಆಡುವುದಿಲ್ಲ, ಹುಡುಗ ಆಡುತ್ತಾನೆ

ಇಪ್ಪತ್ತು ವರ್ಷ ಸರಕಾರಿ ಕಡತಗಳನ್ನೇ ತಿರುವಿದ ನನಗೆ ಒಂದು ಮಾತು ಖಚಿತವಾಗಿ ಗೊತ್ತು: ಕಾಗದದಲ್ಲಿ ಮನುಷ್ಯ ಸಿಗುವುದಿಲ್ಲ. ನಮ್ಮ ಕ್ರಿಕೆಟ್ ಆಯ್ಕೆಗಾರ ಮಹಾಶಯರಿಗೆ ಮಾತ್ರ ಈ ಸತ್ಯ ಇನ್ನೂ ಹೊಳೆದಂತಿಲ್ಲ.

ಕಳೆದ ವರ್ಷ ಪುಣೆಯ ಮೈದಾನವೊಂದರಲ್ಲಿ ಬಾಲಕರ ಆಯ್ಕೆ ಪಂದ್ಯ ನೋಡಿದೆ. ನಮ್ಮ ಓಣಿಯ ಕನ್ನಡದ ಹುಡುಗನೊಬ್ಬ ಲೆಗ್ ಸ್ಪಿನ್ ಹಾಕುತ್ತಿದ್ದ. ಒಂದೇ ಓವರಿನಲ್ಲಿ ಮೂರು ಸಲ ಚೆಂಡು ಬ್ಯಾಟನ್ನು ವಂಚಿಸಿತು. ಮುಂದೆ ಎರಡು ಕ್ಯಾಚುಗಳು ಜೊತೆಗಾರರ ಕೈಜಾರಿದವು. ಷಾಮಿಯಾನದ ನೆರಳಿನಲ್ಲಿದ್ದ ಹಿರಿಯರಿಬ್ಬರು ಚಹಾ ಹೀರುತ್ತ ಮೊಬೈಲು ನೋಡುತ್ತಿದ್ದರು. ಸಂಜೆ ಅಂಕಪುಸ್ತಕ ತರಿಸಿದರು. ವಿಕೆಟ್ ಸೊನ್ನೆ. ಹುಡುಗನ ಹೆಸರಿನ ಮೇಲೆ ಗೀಟು ಬಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಇಲ್ಲಿ ಪ್ರತ್ಯಕ್ಷವೇ ಇಲ್ಲ!

‘ಅಂಕಿಗಳು ಸುಳ್ಳು ಹೇಳುವುದಿಲ್ಲ’ ಎನ್ನುವವರುಂಟು. ನಿಜ, ಆದರೆ ಪೂರ್ತಿಯನ್ನೂ ಹೇಳುವುದಿಲ್ಲ. ಬಿ.ಎಸ್‌ಸಿ. ಪ್ರಯೋಗಶಾಲೆಯಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು: ಕಣ್ಣಿಟ್ಟು ನೋಡು, ಆಮೇಲೆ ಬರೆ. ಔಟಾದ ಹುಡುಗ ಹೇಗೆ ಮರಳುತ್ತಾನೆ, ಸಿಕ್ಸರ್ ಹೊಡೆಸಿಕೊಂಡವನು ಮುಂದಿನ ಚೆಂಡನ್ನು ಎಲ್ಲಿ ಹಾಕುತ್ತಾನೆ ಎಂಬುದು ಯಾವ ಪುಸ್ತಕದಲ್ಲಿದೆ? ಅಪ್ಪ ಆರಿಸಿ ಕಳಿಸಿದ ವೀಡಿಯೋದಲ್ಲಂತೂ ಯಾವ ಮಗನೂ ಔಟಾಗುವುದಿಲ್ಲ.

ನೋಡುವ ಕಣ್ಣಿನ ಬೆಲೆ ನಮ್ಮ ದೇಶಕ್ಕೆ ತಿಳಿಯದ್ದಲ್ಲ. 2002ರಲ್ಲಿ ಕ್ರಿಕೆಟ್ ಮಂಡಳಿ ದಿಲೀಪ್ ವೆಂಗ್‌ಸರ್ಕಾರ್ ಅವರ ಮುಂದಾಳುತನದಲ್ಲಿ ಪ್ರತಿಭಾಶೋಧ ವಿಭಾಗವೊಂದನ್ನು ತೆರೆಯಿತು. ಮಾಜಿ ಆಟಗಾರರು ಸಣ್ಣ ಊರುಗಳ ಪಂದ್ಯಗಳಿಗೆ ಹೋಗಿ ನೋಡಿ ವರದಿ ಬರೆಯಬೇಕು. 2003ರಲ್ಲಿ ಜಮ್ಶೆಡ್‌ಪುರದಲ್ಲಿ ಬಂಗಾಳದ ಹಳೆಯ ಆಟಗಾರ ಪ್ರಕಾಶ್ ಪೋದ್ದಾರ್ ಜಾರ್ಖಂಡದ ಹುಡುಗನೊಬ್ಬನ ಹೊಡೆತ ಕಂಡು ಹೆಸರು ಬರೆದು ಕಳಿಸಿದರು. ಯೋಜನೆಯ ವಯೋಮಿತಿ 19. ಹುಡುಗನಿಗೆ 21 ದಾಟಿತ್ತು. ಆದರೂ ವೆಂಗ್‌ಸರ್ಕಾರ್ ನಿಯಮ ಸಡಿಲಿಸಿದರು. ಆತನೇ 2011ರಲ್ಲಿ ವಿಶ್ವಕಪ್ ಎತ್ತಿದ ಮಹೇಂದ್ರ ಸಿಂಗ್ ಧೋನಿ. ಇಷ್ಟು ಫಲ ಕೊಟ್ಟ ವಿಭಾಗ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು!

ಈಗ ಐಪಿಎಲ್ ತಂಡಗಳಿಗೂ ಶೋಧಕರಿದ್ದಾರಲ್ಲ ಎನ್ನಬಹುದು. ಅವರು ಬಹುಮಟ್ಟಿಗೆ ಆಗಲೇ ಮೆಟ್ಟಿಲೇರಿದವರನ್ನು ನೋಡುವವರು. ಮೊದಲ ಮೆಟ್ಟಿಲಿನಲ್ಲಿ ನಿಂತವನ ಗತಿ? ಗದಗದ ಸುನೀಲ್ ಜೋಶಿ ಬಾಲ್ಯದಲ್ಲಿ ನಸುಕಿಗೆದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಆ ಛಲದಿಂದ ಬೆಳೆದವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ನಿತ್ತು 5 ವಿಕೆಟ್ ಕಿತ್ತರು. ಅವರನ್ನು ಹೊಗಳೋಣ, ಆದರೆ ಅಷ್ಟು ದೂರ ಹೋಗಲಾಗದೆ ಊರಲ್ಲೇ ಉಳಿದ ಮಕ್ಕಳೆಷ್ಟು?

ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಯ ಮಕ್ಕಳನ್ನು ನೆನೆಯಿರಿ. ಮಾತು ಕನ್ನಡ, ರಾಜ್ಯ ಮಹಾರಾಷ್ಟ್ರ. ಬೆಂಗಳೂರಿಗೆ ಅವರು ಹೊರಗಿನವರು, ಪುಣೆಗೆ ದೂರದವರು. ಆಯ್ಕೆಗೆ ಬರಲು ಅವರಲ್ಲಿ ಬಸ್ಸಿನ ದುಡ್ಡಿಲ್ಲದಿರಬಹುದು. ನೋಡಲು ಹೋಗುವವರಿಗೆ ಭತ್ಯೆಯಾದರೂ ಸಿಗುತ್ತದೆ. ಹಾಗಿದ್ದರೆ ಪ್ರಯಾಣ ಮಾಡಬೇಕಾದವರು ಯಾರು?

ಸಂಘದ ಬಂಧುಗಳೇ, ನಮ್ಮಲ್ಲೂ ಹಿಂದೆ ಲೀಗ್ ಆಡಿದವರಿದ್ದೀರಿ. ತಿಂಗಳಿಗೊಂದು ಭಾನುವಾರ ಆ ಊರುಗಳ ಬಯಲಿಗೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಿ, ನಾಲ್ಕು ಸಾಲು ಬರೆದು ಆಯ್ಕೆಗಾರರ ಮೇಜಿನ ಮೇಲಿಡೋಣ. ಕಾಗದವೇ ಬೇಕೆಂದರೆ, ಕಣ್ಣಾರೆ ಕಂಡು ಬರೆದ ಕಾಗದವಾದರೂ ಇರಲಿ.